ಕುಲಾವಿ ಕಟ್ಟಿಕೊಂಡ ನಾಯಕ

ಬಂಧುಗಳೇ,

ಇದನ್ನು ಬರೆಯಲು ಕೂತಾಗ ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಏಳಕ್ಕೆ ಪುಟಗಳು ಮುದ್ರಣಕ್ಕೆ ಹೋಗಬೇಕು, ನನ್ನ ಡ್ಯೂಟಿಯೂ ಏಳಕ್ಕೇ. ದಸರಾ ಸಂಚಿಕೆ ಅಂದಮೇಲೆ ಜಂಬೂಸವಾರಿಯಿಂದಲೇ ಶುರುವಾಗಲಿ ಅಂತ ಅರ್ಧ ಪುಟ ಬರೆದೂ ಇಟ್ಟಿದ್ದೆ. ಕಳೆದ ಭಾನುವಾರ ಇಲ್ಲಿ ಬ್ರಿಸ್ಬೇನಿನ ನಮ್ಮ ಕನ್ನಡ ಶಾಲೆಯಲ್ಲಿ ಮಗುವೊಂದು ಕೇಳಿದ ಪ್ರಶ್ನೆ ತಲೆಯಿಂದ ಹೋಗಲೊಲ್ಲದು. ಆ ಅರ್ಧ ಪುಟ ಅಳಿಸಿಬಿಟ್ಟೆ.

ಮಕ್ಕಳಿಗೆ ‘ನನ್ನ ಮೆಚ್ಚಿನ ವ್ಯಕ್ತಿ’ ಅಂತ ಹತ್ತು ಸಾಲು ಬರೆಯಲು ಕೊಟ್ಟಿದ್ದೆವು. ಅಜ್ಜಿ, ತಾತ, ಅಮ್ಮ, ಇಬ್ಬರು ವಿರಾಟ್ ಕೊಹ್ಲಿ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಪೆನ್ಸಿಲ್ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. “ಆಂಟಿ, ಹೆಡ್‌ಗಿಯರ್‌ಗೆ ಕನ್ನಡದಲ್ಲಿ ಏನಂತಾರೆ?” ಅವಳು ಬರೆಯುತ್ತಿದ್ದುದು ರಗ್ಬಿ ಲೀಗ್ ಆಟಗಾರ ಜೊನಾಥನ್ ಥರ್ಸ್ಟನ್ ಬಗ್ಗೆ. ಅವರ ಆಟವನ್ನೆಲ್ಲ ಅಪ್ಪನ ಪಕ್ಕ ಕೂತು ವಿಡಿಯೊದಲ್ಲೇ ನೋಡಿದವಳು ಅವಳು. ಪಂದ್ಯ ಮುಗಿದಮೇಲೆ ಅವರು ತಲೆಯಿಂದ ಹೆಡ್‌ಗಿಯರ್ ಬಿಚ್ಚಿ ಬೇಲಿಯಾಚೆ ನಿಂತ ಯಾವುದಾದರೂ ಮಗುವಿಗೆ ಕೊಟ್ಟುಬಿಡುತ್ತಿದ್ದರಲ್ಲ, ಅದನ್ನು ಬರೆಯಲು ಅವಳಿಗೆ ಪದ ಸಿಕ್ಕಿರಲಿಲ್ಲ.

ಶಿರಸ್ತ್ರಾಣ ಅನ್ನಲು ಮನಸ್ಸು ಬರಲಿಲ್ಲ, ಅದು ಯುದ್ಧದ ಕಬ್ಬಿಣದ್ದು. ಇದು ಮೆತ್ತಗಿನದು, ಕಿವಿ ಮುಚ್ಚುತ್ತದೆ, ಗದ್ದದ ಕೆಳಗೆ ಕಟ್ಟಬೇಕು. ತೀರ್ಥಹಳ್ಳಿಯ ಮಳೆಗಾಲದಲ್ಲಿ ನನ್ನಜ್ಜಿ ಹಳೇ ಸೀರೆಯ ಅಂಚು ಕತ್ತರಿಸಿ, ಕೂಸುಗಳ ತಲೆಗೆ ಅಂಥದ್ದನ್ನೇ ಹೊಲಿಯುತ್ತಿದ್ದರು, ಎರಡು ಕಡೆ ಎರಡು ಲಾಡಿ. “ಕುಲಾವಿ ಅಂತ ಬರಿ ಪುಟ್ಟಿ” ಅಂದೆ.

ಈಚೆಗೆ ಬ್ರಿಸ್ಬೇನಿಗೆ ಬಂದವರಿಗಾಗಿ ಎರಡು ಮಾತು. ಇಲ್ಲಿಯವರು ‘ಫುಟಿ’ ಅನ್ನುವ ರಗ್ಬಿ ಲೀಗ್‌ನಲ್ಲಿ ಒಂದೊಂದು ಕಡೆ ಹದಿಮೂರು ಜನ. ಕಬಡ್ಡಿ ಕಂಡವರಿಗೆ ಇದು ಅರ್ಥವಾಗಲು ಹೊತ್ತು ಬೇಕಿಲ್ಲ. ಚೆಂಡು ಹಿಡಿದು ನುಗ್ಗುವವನನ್ನು ಎದುರಿನವರು ಹಿಡಿದು ಕೆಡವುತ್ತಾರೆ, ಆರು ಸಲ ಕೆಡವಿಸಿಕೊಳ್ಳುವಷ್ಟರಲ್ಲಿ ಏನಾದರೂ ಸಾಧಿಸಬೇಕು, ಇಲ್ಲವಾದರೆ ಚೆಂಡು ಅವರ ಪಾಲು. ಗೆರೆ ದಾಟಿ ಚೆಂಡು ನೆಲಕ್ಕೊತ್ತಿದರೆ ಟ್ರೈ, ನಾಲ್ಕು ಅಂಕ. ಆಮೇಲೆ ಕಂಬಗಳ ನಡುವೆ ಒದ್ದು ಪಾರು ಮಾಡಿದರೆ ಇನ್ನೆರಡು.

ಥರ್ಸ್ಟನ್ ನಮ್ಮ ಬ್ರಿಸ್ಬೇನಿನವರೇ, 1983ರಲ್ಲಿ ಹುಟ್ಟಿದ್ದು. ಈ ನೆಲದ ಮೂಲನಿವಾಸಿಗಳಾದ ಗುಂಗಾರಿ ಜನಾಂಗದವರು. ಹುಡುಗನಾಗಿದ್ದಾಗ ತೀರಾ ಸಣ್ಣಕಲು ಅಂತ ಹಲವು ಕ್ಲಬ್‌ಗಳಿಗೆ ಬೇಡವಾಗಿದ್ದರು. ಕಡೆಗೆ ಸಿಡ್ನಿಯ ಬುಲ್‌ಡಾಗ್ಸ್ ಕರೆಯಿತು, 2002ರಲ್ಲಿ ಮೊದಲ ದರ್ಜೆಯ ಪಂದ್ಯ ಆಡಿದರು. 2004ರ ಫೈನಲ್ ಹೊತ್ತಿಗೆ ನಾಯಕ ಸ್ಟೀವ್ ಪ್ರೈಸ್ ಗಾಯಗೊಂಡು ಹೊರಗುಳಿದಿದ್ದರಿಂದ ಇವರಿಗೆ ಬೆಂಚಿನಲ್ಲಿ ಜಾಗ ಸಿಕ್ಕಿತು. ತಂಡ ಗೆದ್ದಿತು. ಗೆದ್ದವರಿಗೆ ಕೊಡುವ ಉಂಗುರವನ್ನು ಥರ್ಸ್ಟನ್ ಒಯ್ದು ಪ್ರೈಸ್ ಕೈಗಿತ್ತರು. ಆಗ ಅವರಿಗೆ ಇಪ್ಪತ್ತೊಂದು ವಯಸ್ಸು. ಮುಂದೆ ಇನ್ನೊಂದು ಉಂಗುರ ಸಿಕ್ಕೀತೆಂಬ ಖಾತ್ರಿ ಯಾರಿಗಿತ್ತು? ಎರಡನೆಯದಕ್ಕೆ ಹನ್ನೊಂದು ವರ್ಷ ಕಾದರು.

ಆ ಹನ್ನೊಂದನೆಯ ವರ್ಷ ನಾವು ಟೌನ್ಸ್‌ವಿಲ್‌ನಲ್ಲಿದ್ದೆವು. ಬ್ರಿಸ್ಬೇನಿನಿಂದ 1,300 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ, ಬೆಂಗಳೂರಿಂದ ನಾಗಪುರಕ್ಕಿಂತ ದೂರ. ಹೋಗಿ ಐದು ತಿಂಗಳಾಗಿತ್ತು, ಕನ್ನಡ ಮಾತಾಡುವ ಮನೆ ನಮ್ಮದು ಬಿಟ್ಟರೆ ಇನ್ನೊಂದು. ಮಗಳಿಗೆ ಎರಡು ವರ್ಷ. ಊರಿನ ತಂಡ ಕೌಬಾಯ್ಸ್ 1995ರಿಂದ ಆಡುತ್ತಿದ್ದರೂ ಒಮ್ಮೆಯೂ ಕಪ್ ಕಂಡಿರಲಿಲ್ಲ. ಥರ್ಸ್ಟನ್ ಬಂದ ವರ್ಷವೇ, 2005ರಲ್ಲಿ, ಫೈನಲ್ ಮುಟ್ಟಿ ಸೋತಿತ್ತು. ಈ ಸಲ ಎದುರಾಳಿ ಬ್ರಿಸ್ಬೇನ್ ಬ್ರಾಂಕೋಸ್. 2015, ಅಕ್ಟೋಬರ್ 4, ಭಾನುವಾರ. ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದಲೇ ಕರೆದರು, “ಮಗೂನ ಎತ್ಕೊಂಡು ಬನ್ನಿ, ಇವತ್ತು ಯಾರೂ ಒಬ್ಬರೇ ಕೂರಬಾರದು.” ಅವರೂ ಮೂಲನಿವಾಸಿ ಮನೆತನದವರು. ನಾನು ಒಂದು ಡಬ್ಬಿ ಚಿತ್ರಾನ್ನ ಒಯ್ದೆ. ಕಾರು ನಿಲ್ಲಿಸುವ ಚಪ್ಪರದ ಕೆಳಗೆ ಟಿವಿ ಇಟ್ಟು, ಹತ್ತಿಪ್ಪತ್ತು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು.

ಕೊನೇ ನಿಮಿಷದವರೆಗೂ ಬ್ರಾಂಕೋಸ್ 16, ನಮ್ಮವರು 12. (ನೋಡಿ, ಆ ಹೊತ್ತಿಗಾಗಲೇ ‘ನಮ್ಮವರು’ ಆಗಿಬಿಟ್ಟಿದ್ದರು.) ಸೈರನ್ ಕೂಗುವ ಹೊತ್ತಿಗೆ ಮೈಕಲ್ ಮಾರ್ಗನ್ ಕೊಟ್ಟ ಚೆಂಡು ಹಿಡಿದು ಕೈಲ್ ಫೆಲ್ಟ್ ಬಲಮೂಲೆಯಲ್ಲಿ ಗೆರೆ ದಾಟಿದರು. 16–16. ಇನ್ನು ಥರ್ಸ್ಟನ್ ಒದೆಯಬೇಕು, ಪಾರಾದರೆ ಕಪ್. ಟ್ರೈ ಎಲ್ಲಿ ಬಿತ್ತೋ ಅದರ ನೇರಕ್ಕೇ ಹಿಂದೆ ಬಂದು ಒದೆಯುವುದು ನಿಯಮ, ಮೂಲೆಯಿಂದ ನೋಡಿದರೆ ಆ ಎರಡು ಕಂಬಗಳ ನಡುವೆ ಸಂದೇ ಕಾಣುವುದಿಲ್ಲ. ಅಜ್ಜಿಗೆ ನೋಡಲಾಗದೆ ಎದ್ದು ಅಡುಗೆಮನೆಗೆ ಹೋದರು, ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಚೆಂಡು ಎದ್ದಿತು, ಬಾಗಿತು, ಕಂಬಕ್ಕೆ ಬಡಿದು ಆಚೆ ಬಿತ್ತು. ಚಪ್ಪರದಡಿ ಒಬ್ಬರೂ ಉಸಿರೆತ್ತಲಿಲ್ಲ. ಅಡುಗೆಮನೆಯಲ್ಲಿ ನೀರು ಹರಿಯುತ್ತಲೇ ಇತ್ತು.

ಆಮೇಲೆ ಹೆಚ್ಚುವರಿ ಆಟ, ಮೊದಲು ಅಂಕ ಗಳಿಸಿದವರು ಗೆದ್ದಂತೆ. ಆರಂಭದ ಒದೆತವನ್ನೇ ಬ್ರಾಂಕೋಸ್‌ನ ಬೆನ್ ಹಂಟ್ ಕೈಚೆಲ್ಲಿದರು. ಆ ಹುಡುಗನ ಮುಖ ನೋಡಿ ನನಗೆ ಸಂಕಟವಾಯಿತು. ಸ್ವಲ್ಪ ಹೊತ್ತಿಗೆ ಥರ್ಸ್ಟನ್ ನಿಂತಲ್ಲಿಂದಲೇ ಚೆಂಡು ನೆಲಕ್ಕೆ ಬಿಟ್ಟು ಕಂಬಗಳ ನಡುವೆ ಒದ್ದರು, ಅದಕ್ಕೆ ಒಂದು ಅಂಕ. 17–16. ಐದು ನಿಮಿಷದ ಹಿಂದೆ ಕೈತಪ್ಪಿದ್ದ ಮನುಷ್ಯ, ಅದೇ ಕಾಲು.

ಇಷ್ಟಾದಮೇಲೆ ಟಿವಿಯಲ್ಲಿ ಕಂಡದ್ದನ್ನು ನಾನು ಮರೆಯುವುದಿಲ್ಲ. ಮೈದಾನದಲ್ಲಿ ಥರ್ಸ್ಟನ್ ಪುಟ್ಟ ಮಗಳನ್ನು ಜೊತೆಗಿಟ್ಟುಕೊಂಡು ಕೂತಿದ್ದಾರೆ, ಮಗುವಿನ ಕೈಯಲ್ಲಿ ಒಂದು ಗೊಂಬೆ, ಕಪ್ಪು ಬಣ್ಣದ್ದು. ಅಜ್ಜಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಭುಜ ಹಿಡಿದರು. “ಗೊಂಬೆ ನೋಡಿದೆಯಾ? ನಾನು ಚಿಕ್ಕೋಳಿದ್ದಾಗ ಇಂಥದ್ದು ಎಲ್ಲೂ ಸಿಗ್ತಿರಲಿಲ್ಲ.” ಮುಂದಿನ ವಾರ ನವರಾತ್ರಿ. ರಟ್ಟಿನ ಪೆಟ್ಟಿಗೆಗಳ ಮೇಲೆ ಪಂಚೆ ಹಾಸಿ ಮೂರೇ ಮೆಟ್ಟಿಲು ಕಟ್ಟಿದ್ದೆ. ಅಜ್ಜಿಯನ್ನು ಕರೆದೆ. ಅವರು ನೆಟ್ಟಗೆ ಹೋಗಿ ನಿಂತದ್ದು ಪಟ್ಟದ ಗೊಂಬೆಗಳ ಮುಂದೆ, ನಮ್ಮಮ್ಮ ಮದುವೆಯಲ್ಲಿ ಕೊಟ್ಟ ರಕ್ತಚಂದನದ ರಾಜ–ರಾಣಿ. ಆ ಕರಿಗೆಂಪು ಮುಖಗಳನ್ನು ಬೆರಳಿಂದ ಮುಟ್ಟಿ, “ಇವರು ನಿಮ್ಮ ರಾಜರಾ?” ಅಂದರು. ಹೌದು ಅಂದೆ. ಹೊತ್ತು ಬಹಳ ಅಲ್ಲೇ ನಿಂತಿದ್ದರು.

ಉಳಿದದ್ದನ್ನು ಬೇಗ ಹೇಳುತ್ತೇನೆ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಅವರಿಗೆ ನಾಲ್ಕು ಸಲ ಬಂತು. ಕ್ವೀನ್ಸ್‌ಲ್ಯಾಂಡ್ ಪರ 2005ರಿಂದ 2016ರವರೆಗೆ ಒಂದೂ ತಪ್ಪದಂತೆ 36 ಸ್ಟೇಟ್ ಆಫ್ ಒರಿಜಿನ್ (ನ್ಯೂ ಸೌತ್ ವೇಲ್ಸ್ ಎದುರಿನ ವಾರ್ಷಿಕ ಸರಣಿ) ಪಂದ್ಯ ಆಡಿದರು. 37ನೆಯದು 2017ರ ಜೂನ್‌ನಲ್ಲಿ, ಸಿಡ್ನಿಯಲ್ಲಿ. ಆಡುತ್ತಲೇ ಭುಜಕ್ಕೆ ಪೆಟ್ಟಾಗಿತ್ತು, ಕೈ ಎತ್ತಲಾಗುತ್ತಿರಲಿಲ್ಲ. ಆದರೂ ಕೊನೆಗೆ ಅಂಚಿನಿಂದ ಒದ್ದು 18–16ರಲ್ಲಿ ಗೆಲ್ಲಿಸಿದರು. ನಾನು ಫಿಸಿಯೋಥೆರಪಿಸ್ಟ್, ಇಂಥ ಭುಜಗಳನ್ನು ದಿನಾ ನೋಡುತ್ತೇನೆ. ಒದೆಯುವುದು ಕಾಲಾದರೂ ಮೈ ತೂಗಿಸುವುದು ಕೈ. ಹಾಗೆ ನೋವು ನುಂಗಿ ಆಡಿದ್ದು ಸರಿ ಅಂತ ನಾನು ಯಾವ ಮಗುವಿಗೂ ಹೇಳಲಾರೆ. ಅಲ್ಲಿಗೆ ಅವರ ಆ ವರ್ಷದ ಆಟ ಮುಗಿಯಿತು. 2018ರಲ್ಲಿ ನಿವೃತ್ತರಾದರು, ಒಟ್ಟು 323 ಲೀಗ್ ಪಂದ್ಯ.

ಈಗ ಸೂಚನೆಗಳು. ಗೊಂಬೆ ಹಬ್ಬ ನವರಾತ್ರಿಯ ಶನಿವಾರ ಸಂಜೆ 4ರಿಂದ 8, ಎಂದಿನ ಸಮುದಾಯ ಭವನದಲ್ಲಿ. ನಿಮ್ಮ ಮನೆಯ ಒಂದು ಗೊಂಬೆ ತನ್ನಿ, ಅದರ ಕಥೆ ಎರಡು ನಿಮಿಷದಲ್ಲಿ ಹೇಳಿ. ಕೋಸಂಬರಿ, ಸಜ್ಜಿಗೆ ಮಾಡುವವರು ಬುಧವಾರದೊಳಗೆ ತಿಳಿಸಿ. ರಾಜ್ಯೋತ್ಸವ ನವೆಂಬರ್ ಮೊದಲ ಭಾನುವಾರ, ನಾಡಗೀತೆ ಅಭ್ಯಾಸ ಪ್ರತಿ ಶುಕ್ರವಾರ 7ಕ್ಕೆ. ಮಕ್ಕಳ ಕಬಡ್ಡಿ ರಾಜ್ಯೋತ್ಸವದಂದೇ ಬೆಳಿಗ್ಗೆ, ಹುಲ್ಲಿನ ಮೇಲೆ, ಬರಿಗಾಲಲ್ಲಿ. ಭವನದ ಬಾಡಿಗೆ ಹೆಚ್ಚಿದೆ, ಸದಸ್ಯತ್ವ ಬಾಕಿ ಇರುವವರು ದಯವಿಟ್ಟು ಕೊಟ್ಟುಬಿಡಿ.

ಇನ್ನೊಂದು ಮಾತು. ಆರು ವರ್ಷ ಈ ಪುಟಗಳನ್ನು ಜೋಡಿಸಿದ ನಮ್ಮ ಗೆಳತಿ ತಾಯಿಯನ್ನು ನೋಡಿಕೊಳ್ಳಲು ಹುಬ್ಬಳ್ಳಿಗೆ ಹೊರಟಿದ್ದಾರೆ. ಈ ಸಂಚಿಕೆ ಅವರ ಕೊನೆಯದು. ಈಗಲೂ, ಈ ಸರಿರಾತ್ರಿಯಲ್ಲಿ, ನನ್ನ ಈ ಬರಹಕ್ಕಾಗಿ ಆಚೆ ತುದಿಯಲ್ಲಿ ಎಚ್ಚರವಾಗಿ ಕೂತಿದ್ದಾರೆ. ಕನ್ನಡ ಟೈಪ್ ಬರುವ, ತಿಂಗಳಿಗೆ ಎರಡು ಸಂಜೆ ಕೊಡಬಲ್ಲ ಯಾರಾದರೂ ಬನ್ನಿ. ಒಬ್ಬಳಿಂದ ಆಗುತ್ತಿಲ್ಲ. ಹೊರಡುವ ಮುಂಚೆ ಕೂರಿಸಿಕೊಂಡು ಕಲಿಸಿಕೊಡುತ್ತೇನೆ ಅಂತ ಅವರೇ ಹೇಳಿದ್ದಾರೆ.

ಆ ಹುಡುಗಿಯ ಹತ್ತು ಸಾಲು 6ನೇ ಪುಟದಲ್ಲಿದೆ. ‘ಕುಲಾವಿ’ಯ ದೀರ್ಘ ಬಿಟ್ಟುಹೋಗಿತ್ತು, ಅವಳೇ ಮೇಲೆ ಗೀಟು ಹಾಕಿ ಮತ್ತೆ ಬರೆದಿದ್ದಾಳೆ. ಆ ಗೀಟನ್ನೂ ಹಾಗೇ ಅಚ್ಚು ಹಾಕಿಸಿದ್ದೇವೆ.

— ಸಂಪಾದಕಿ