ಗೀರು ಬಿದ್ದರೆ ಬೀಳಲಿ, ಪುಟ್ಟಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಅಡುಗೆ ಕಟ್ಟೆಗೆ ಸೋಪ್‌ಸ್ಟೋನ್ ಹಾಕಿಸಬೇಕು ಅಂತ ಬರೆದಿದ್ದೀಯಲ್ಲ, ಆ ಪತ್ರದಲ್ಲಿ ಕಲ್ಲಿನ ಬಣ್ಣ, ರೇಟು, ಸಿಂಕ್ ಯಾವ ಕಡೆ ಬರಬೇಕು ಅನ್ನೋ ಚರ್ಚೆ, ಎಲ್ಲಾ ಓದಿ ಖುಷಿಯಾಯಿತು. ಆದರೆ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, ಅದು ಮನಸ್ಸಿನಿಂದ ಹೋಗುತ್ತಿಲ್ಲ. "ಈ ಕಲ್ಲು ಮೆತ್ತಗೆ, ಬೇಗ ಗೀರು ಬೀಳತ್ತಂತೆ. ಅಮ್ಮ ಬಂದಾಗ ಅಡುಗೆಮನೆಗೆ ಬಿಡೋಕೇ ಭಯ ಆಗತ್ತೆ ದೊಡ್ಡಮ್ಮ." ನೀನು ಸುಮ್ನೆ ಬರೆದಿರಬಹುದು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಗೀರು ಬೀಳುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಬಳಪದ ಕಲ್ಲು ಅನ್ನುವುದು ಅದನ್ನೇ ಅಲ್ವಾ? ಅದರಲ್ಲಿರುವ ಟಾಲ್ಕ್ ಅನ್ನೋದು ಖನಿಜಗಳಲ್ಲೆಲ್ಲಾ ತೀರಾ ಮೆತ್ತನೆಯದು. ಉಗುರಲ್ಲೂ ಕೆರೆಯಬಹುದು. ಅಡುಗೆ ಕಟ್ಟೆಗೆ ಹಾಕುವ ಕಲ್ಲಲ್ಲಿ ಬೇರೆ ಖನಿಜಗಳೂ ಬೆರೆತಿರುವುದರಿಂದ ಇನ್ನಷ್ಟು ಗಟ್ಟಿ ಇರುತ್ತದೆ. ಆದರೂ ಗ್ರಾನೈಟಿನ ಹಾಗಲ್ಲ. ಕುಕ್ಕರ್ ಎಳೆದರೆ, ಚಾಕು ತಾಗಿದರೆ ಬಿಳಿ ಗೆರೆ ಕಾಣುತ್ತದೆ. ಅಂಚಿಗೆ ಭಾರದ ಪಾತ್ರೆ ಬಡಿದರೆ ಚಕ್ಕೆ ಏಳಬಹುದು.

ಆದರೆ ಆ ಗೆರೆಗೆ ಮದ್ದಿದೆ. ಸಣ್ಣದಾದರೆ ಎಣ್ಣೆ ಸವರಿದರೆ ಮರೆಯಾಗುತ್ತದೆ. ಆಳವಾಗಿದ್ದರೆ ಉಪ್ಪು ಕಾಗದದಲ್ಲಿ ಉಜ್ಜಿ ಮತ್ತೆ ಎಣ್ಣೆ ಹಚ್ಚಿದರಾಯಿತು. ಮನೆಯಲ್ಲೇ ಮಾಡಿಕೊಳ್ಳಬಹುದು. ನಮ್ಮ ಮನೆಯ ಕಲ್ಲಿಗೆ ಈ ಭಾಗ್ಯ ಇರಲಿಲ್ಲ.

ನಾವು ಮನೆ ಕಟ್ಟಿದ ಕಷ್ಟ ನಿನಗೆ ಗೊತ್ತು, ಅದನ್ನು ಬಿಡು. ಅಡುಗೆ ಕಟ್ಟೆಗೆ ಬಿಳಿ ಮಾರ್ಬಲ್ ಹಾಕಿಸಿದ್ದೆವು. ಹೊಸದರಲ್ಲಿ ಅಜ್ಜಿ ಬಂದಿದ್ದಳು. ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಾ ಒಂದು ಹೋಳನ್ನು ಕಟ್ಟೆಯ ಮೇಲೆ ಕವುಚಿಟ್ಟಿದ್ದಳು. ಎತ್ತಿದಾಗ ದುಂಡಗೆ ಒಂದು ಗುರುತು. ಸುತ್ತಲೂ ಹೊಳಪು, ಆ ದುಂಡಿನೊಳಗೆ ಮಾತ್ರ ಮಂಕು. ಅಜ್ಜಿ ಸೆರಗಿನ ತುದಿ ಒದ್ದೆ ಮಾಡಿ ಉಜ್ಜಿದಳು, ಆಮೇಲೆ ಸೋಪು ಹಾಕಿ ಉಜ್ಜಿದಳು. ಹೋಗಲಿಲ್ಲ. ಹೋಗುವುದೂ ಇಲ್ಲ. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್, ಹುಳಿ ತಾಗಿದರೆ ಮೇಲ್ಮೈಯೇ ಕರಗುತ್ತದೆ. ಪಿಯುಸಿ ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತಿದ್ದವಳು ನಾನು.

ಯಾರೂ ಬೈಯಲಿಲ್ಲ ಪುಟ್ಟಿ. "ಪರವಾಗಿಲ್ಲ ಬಿಡು" ಅಂದೆವು. ಆದರೆ ಎಲ್ಲರ ಕಣ್ಣೂ ಆ ಗುರುತಿನ ಮೇಲೇ ಇತ್ತು, ಅಜ್ಜಿಗೆ ಅದು ಕಾಣದೆ ಇರುತ್ತದೆಯೇ? ಆಮೇಲೆ ಬಂದಾಗೆಲ್ಲ ಈಳಿಗೆಮಣೆ ತೆಗೆದುಕೊಂಡು ಹಿತ್ತಿಲ ಜಗಲಿಗೆ ಹೋಗಿ ಕೂರುತ್ತಿದ್ದಳು. ಅಲ್ಲೇ ತರಕಾರಿ ಹೆಚ್ಚಿ ಒಳಗೆ ಕಳಿಸುತ್ತಿದ್ದಳು. "ಇಲ್ಲಿ ಗಾಳಿ ಚೆನ್ನಾಗಿದೆ" ಅನ್ನುತ್ತಿದ್ದಳು. ಕೈ ಹಿಡಿದು ಒಳಗೆ ಕರೆದುಕೊಂಡು ಬಂದಿದ್ದರೆ ಬರುತ್ತಿದ್ದಳೋ ಏನೋ. ಅವಳ ಕೈಯ ಹುಳಿ ನನ್ನ ಮನೆಯಲ್ಲಿ ಆಮೇಲೆ ಆಗಲೇ ಇಲ್ಲ. ನಿನ್ನ ಪತ್ರದ ಆ ಸಾಲು ಓದಿದಾಗ ನನಗೆ ಕಂಡದ್ದು ಆ ಜಗಲಿ.

ನಿನ್ನ ಕಲ್ಲಿಗೆ ಹುಳಿಯ ಹೆದರಿಕೆ ಇಲ್ಲ. ನಿಂಬೆ, ಹುಣಸೆ, ವಿನೆಗರ್ ಯಾವುದೂ ಅದನ್ನು ತಿನ್ನುವುದಿಲ್ಲ. ನಿಮ್ಮ ವರ್ಜೀನಿಯಾದಲ್ಲೇ ಸ್ಕೈಲರ್ ಅಂತ ಊರಿದೆ. ಅಲ್ಲಿ 19ನೇ ಶತಮಾನದಿಂದಲೂ ಈ ಕಲ್ಲು ತೆಗೆದಿದ್ದಾರೆ. ಅಮೆರಿಕದ ಎಷ್ಟೋ ಶಾಲಾ ಕಾಲೇಜುಗಳ ಲ್ಯಾಬಿನ ಮೇಜು, ಸಿಂಕುಗಳಿಗೆ ಬಳಪದ ಕಲ್ಲನ್ನೇ ಹಾಕುತ್ತಿದ್ದರು, ಆಸಿಡ್ ಚೆಲ್ಲಿದರೂ ತಡೆಯುತ್ತದೆ ಅಂತ. ಬಿಸಿಯೂ ಅಷ್ಟೇ. ಒಲೆಯಿಂದ ಇಳಿಸಿದ ಬಾಣಲೆ ನೇರವಾಗಿ ಇಡಬಹುದು. ಅರಿಸಿನ, ಎಣ್ಣೆ ಒಳಗೆ ಇಳಿಯುವುದಿಲ್ಲ, ಒರೆಸಿದರೆ ಬರುತ್ತದೆ. ಹಾಗಾಗಿ ಗ್ರಾನೈಟಿಗೆ ಹಚ್ಚುವ ಹಾಗೆ ಸೀಲರ್ ಕೂಡ ಬೇಡ.

ಉಳಿದದ್ದು ಗೀರು ಒಂದೇ ಅಲ್ವಾ. ಮತ್ತೆ ಅಲ್ಲಿಗೇ ಬಂದೆ ನೋಡು.

ಅಜ್ಜಿಯ ಕಲ್ಲು ಮರಿಗೆ ನನ್ನ ಹತ್ತಿರ ಇದೆ. ಅದೂ ಬಳಪದ ಕಲ್ಲೇ. ಅದರಲ್ಲಿ ಹುಳಿ ಮಾಡಿ ಒಲೆಯಿಂದ ಇಳಿಸಿದ ಮೇಲೂ ಎಷ್ಟೋ ಹೊತ್ತು ಕೊತಕೊತ ಅನ್ನುತ್ತಿತ್ತು. ನಿನ್ನ ಪತ್ರ ಬಂದ ಮೇಲೆ ಕೆಳಗಿಳಿಸಿ ಬೆಳಕಿಗೆ ಹಿಡಿದು ನೋಡಿದೆ. ಒಳಗೆಲ್ಲಾ ಸೌಟು ತಾಗಿದ ಗೀರು, ಒಂದರ ಮೇಲೊಂದು. ಎಣ್ಣೆ ಹತ್ತಿ ಹತ್ತಿ ಕಪ್ಪಗೆ, ಮುಟ್ಟಿದರೆ ನುಣ್ಣಗೆ ಇದೆ. ಅದರಲ್ಲಿ ಅಡುಗೆ ಮಾಡಿದವರು ಯಾರೂ ಸೌಟಾಡಿಸಲು ಹೆದರಿದ್ದು ನನಗೆ ನೆನಪಿಲ್ಲ.

ಬೇಲೂರಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಈ ಕಲ್ಲನ್ನು ಮುಟ್ಟಿ ನೋಡಿದ್ದೇನೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವಸ್ಥಾನ ಅದು. ಶಿಲ್ಪಿಗಳಿಗೆ ಬೇಕಾಗಿದ್ದದ್ದೇ ಮೆತ್ತನೆಯ ಕಲ್ಲು. ಇಲ್ಲದಿದ್ದರೆ ಮದನಿಕೆಯರ ಸರ, ಬಳೆಗಳನ್ನೆಲ್ಲ ಅಷ್ಟು ಸಣ್ಣಗೆ ಕೊರೆಯಲು ಆಗುತ್ತಿತ್ತಾ? ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ ಅನ್ನುತ್ತಾರೆ. 900 ವರ್ಷ ದಾಟಿದರೂ ನಿಂತಿದೆ.

ನಾನೇನು ಕಲ್ಲಿನ ವ್ಯಾಪಾರ ಬಲ್ಲವಳಲ್ಲ. ತೋಚಿದ್ದನ್ನು ಬರೆಯುತ್ತೇನೆ, ಬೇಡ ಅನ್ನಿಸಿದ್ದನ್ನು ಬಿಡು. ಅಂಗಡಿಯಿಂದ ಒಂದು ತುಂಡು ಕೇಳಿ ತಗೊಂಡು ಬಾ. ನಿಂಬೆ ಹಿಂಡು, ಅರಿಸಿನ ಕಲಸು, ಬೀಗದ ಕೈಯಿಂದ ಗೀಚು. ಆಮೇಲೆ ಉಜ್ಜಿ ಎಣ್ಣೆ ಹಚ್ಚು. ಒಂದೊಂದು ಗಣಿಯ ಕಲ್ಲಿನ ಗಟ್ಟಿತನ ಒಂದೊಂದು ಥರ, ಕೈಯಲ್ಲಿ ನೋಡದೆ ಗೊತ್ತಾಗುವುದಿಲ್ಲ. ಎಣ್ಣೆ ಅಂದರೆ ಮಿನರಲ್ ಆಯಿಲ್, ಔಷಧಿ ಅಂಗಡಿಯಲ್ಲಿ ಸಿಗುವಂಥದ್ದು. ಕೊಬ್ಬರಿ ಎಣ್ಣೆ ಗಿಬ್ಬರಿ ಎಣ್ಣೆ ಹಚ್ಚಬೇಡ, ಕಮಟು ವಾಸನೆ ಬರುತ್ತದೆ. ಮೊದಮೊದಲು ಪದೇ ಪದೇ ಹಚ್ಚಬೇಕು, ಬರಬರುತ್ತಾ ಕಡಿಮೆ ಸಾಕು. ಹಚ್ಚದೆ ಬೂದು ಬಣ್ಣದಲ್ಲೇ ಬಿಡುವವರೂ ಇದ್ದಾರೆ. ಆಗ ಒಲೆಯ ಹತ್ತಿರ, ಕೈ ಜಾಸ್ತಿ ತಾಗುವ ಕಡೆ ತಾನಾಗಿಯೇ ಕಪ್ಪಾಗಿ ಮಚ್ಚೆ ಮಚ್ಚೆ ಕಾಣುತ್ತದೆ. ಉಜ್ಜುವಾಗ ಸ್ವಲ್ಪ ಒದ್ದೆ ಮಾಡಿಕೋ, ಮೂಗಿಗೆ ಮಾಸ್ಕ್ ಹಾಕಿಕೋ. ಆ ಧೂಳು ಒಳ್ಳೆಯದಲ್ಲ. ಹೆಚ್ಚುವುದಕ್ಕೆ ಮರದ ಮಣೆ ಇರಲಿ. ಅದು ಕಲ್ಲಿಗಾಗಿ ಅಂತಲ್ಲ, ಚಾಕು ಮೊಂಡಾಗಬಾರದು ಅಂತ.

ಇಷ್ಟೆಲ್ಲಾ ಆದ ಮೇಲೂ ಗೀರಿನ ಯೋಚನೆ ಹೋಗದಿದ್ದರೆ ಸುಮ್ನೆ ಗ್ರಾನೈಟ್ ಹಾಕಿಸಿಬಿಡು. ಅದರಲ್ಲಿ ತಪ್ಪೇನಿಲ್ಲ. ನಿಮ್ಮಮ್ಮ ಬಂದು ಹೆದರಿಕೆಯಿಲ್ಲದೆ ಅಡುಗೆ ಮಾಡುವಂತಿದ್ದರೆ ನನಗೆ ಯಾವ ಕಲ್ಲಾದರೂ ಸರಿಯೇ. ಅವಳ ಕೈ ಎಷ್ಟು ಬೀಸು ಅಂತ ನಿನಗೂ ಗೊತ್ತು. ಗೀರು ಬಿದ್ದರೆ ಆ ಹೊತ್ತಿಗೆ ಕಲ್ಲಿನ ಕಡೆ ನೋಡಬೇಡ. ಎಣ್ಣೆಯ ಬಾಟಲಿ ಹುಡುಕಲೂ ಹೋಗಬೇಡ. ಅವಳು ಊರಿಗೆ ಹೊರಟ ಮೇಲೆ ಉಜ್ಜಿಕೊಂಡರಾಯಿತು.

ಆ ತುಂಡಿನ ಮೇಲೆ ನಿಂಬೆಹಣ್ಣು ಏನು ಮಾಡಿತು ಅಂತ ಬರಿ. ನೀನು ಬರೆದ ಆ ಮಾತನ್ನು ನಿಮ್ಮಮ್ಮನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ನಿನ್ನ
ದೊಡ್ಡಮ್ಮ