ಒಂದು ಯೆನ್‌ಗೆ ಒಂದು ರೂಪಾಯಿ: ಕೊರಿಯರ್ ಸಂಸ್ಥೆಗೊಂದು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ,
ಪ್ರಧಾನ ಕಚೇರಿ

ವಿಷಯ: ತುಮಕೂರು ಶಾಖೆಯಿಂದ ಮೈಸೂರಿಗೆ ಬುಕ್ ಮಾಡಿದ್ದ 28 ವಿದೇಶಿ ನಾಣ್ಯಗಳ ಪಾರ್ಸೆಲ್ ಬಿಚ್ಚಿ, ಹಾಳುಗೆಡವಿ, ಒಂದನ್ನು ಕಳೆದು ವಾಪಸ್ ತಂದುಕೊಟ್ಟ ಬಗ್ಗೆ.

ಮಾನ್ಯರೇ,

ನಿಮ್ಮ ಟೋಲ್ ಫ್ರೀ ನಂಬರಿಗೆ ಆರು ಸಲ ಫೋನ್ ಮಾಡಿದ್ದಾಯಿತು. ಆರೂ ಸಲ ‘48 ಗಂಟೆಯೊಳಗೆ ನಮ್ಮ ಕಡೆಯಿಂದ ಕರೆ ಬರುತ್ತೆ ಸರ್’ ಎಂಬ ಉತ್ತರ ಸಿಕ್ಕಿತು. ಕರೆ ಬರಲಿಲ್ಲ. ₹341 ಪರಿಹಾರ ಮಂಜೂರಾಗಿದೆ ಎಂಬ ಮೆಸೇಜು ಬಂತು. ಅದನ್ನು ಓದಿದ ಮೇಲೆ ಈ ಪತ್ರ. ಸೌಜನ್ಯ ಬಿಡಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬರೆಯಲು ಕೂತಿದ್ದೇನೆ.

ನಿಮ್ಮ ನಿಯಮಗಳನ್ನು ನಿಮಗೇ ಓದಿ ಹೇಳುವ ಅಗತ್ಯವಿಲ್ಲ ಎಂದುಕೊಂಡಿದ್ದೇನೆ. ಆದರೂ ರಸೀದಿಯ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳಲ್ಲಿ 9ನೇ ಷರತ್ತು ಹೀಗಿದೆ: ಅನುಮಾನ ಬಂದ ಪಾರ್ಸೆಲನ್ನು ಕಳುಹಿಸಿದವರಿಗೆ ತಿಳಿಸಿ, ಇಬ್ಬರು ಸಿಬ್ಬಂದಿಯ ಎದುರು ಬಿಚ್ಚಿ, ಒಳಗಿನ ವಸ್ತುಗಳ ಪಟ್ಟಿ ಬರೆದು, ಮೊದಲಿದ್ದಂತೆಯೇ ಮತ್ತೆ ಕಟ್ಟಬೇಕು. ನನಗೆ ಯಾರೂ ತಿಳಿಸಲಿಲ್ಲ, ಪಟ್ಟಿಯೂ ಇಲ್ಲ. ಕಟ್ಟಿದ್ದು ಹೇಗೆಂದು ಮುಂದೆ ಹೇಳುತ್ತೇನೆ.

ಬಿ.ಎಚ್. ರಸ್ತೆಯ ಕೌಂಟರಿನಲ್ಲಿ ‘ಸಂಗ್ರಹದ ಹಳೆಯ ನಾಣ್ಯಗಳು’ ಎಂದು ಬರೆದುಕೊಟ್ಟು, ದೇಶ, ಇಸವಿ, ಲೋಹ, ತೂಕ, ಸ್ಥಿತಿ, ಬೆಲೆ ಇರುವ ಎರಡು ಪುಟದ ಪಟ್ಟಿ ಲಗತ್ತಿಸಿದ್ದೆ. ಘೋಷಿಸಿದ ಮೌಲ್ಯ ₹18,500. ಅದಕ್ಕೆ ತಕ್ಕ ರಿಸ್ಕ್ ಶುಲ್ಕವನ್ನು ನಿಮ್ಮವರು ಎಣಿಸಿಕೊಂಡೇ ತೆಗೆದುಕೊಂಡರು. ಬುಕ್ಕಿಂಗ್ ತೂಕ 385 ಗ್ರಾಂ.

ಒಳಗೆ ಪ್ರತಿ ನಾಣ್ಯವೂ ಎರಡಿಂಚು ಚೌಕದ ರಟ್ಟಿನ ಹೋಲ್ಡರಿನಲ್ಲಿ, ಮೈಲಾರ್ ಎಂಬ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕಿಟಕಿಯ ಹಿಂದೆ ಇತ್ತು. ಸ್ಟೇಪ್ಲರ್ ಪಿನ್ನುಗಳ ಬೆನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿದ್ದೆ. ಇಲ್ಲದಿದ್ದರೆ ಒಂದರ ಪಿನ್ನು ಪಕ್ಕದ್ದರ ಕಿಟಕಿಯನ್ನು ಕೊರೆಯುತ್ತದೆ. ದೊಡ್ಡ ಬೆಳ್ಳಿ ನಾಣ್ಯ ಎರಡಕ್ಕೂ ಗಟ್ಟಿ ಕ್ಯಾಪ್ಸೂಲ್. ಎಲ್ಲವನ್ನೂ ಎರಡು ರಟ್ಟಿನ ನಡುವೆ ಬಿಗಿದು, ಡಬ್ಬಿಯ ಸಂದಿಗೆಲ್ಲ ಕಾಗದ ತುರುಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ್ದೆ. ನಾಣ್ಯದ ಪಾರ್ಸೆಲ್ ಸದ್ದು ಮಾಡಬಾರದು. ಸದ್ದು ಬಂತೆಂದರೆ ಒಳಗೆ ಒಂದಕ್ಕೊಂದು ಗೀರುತ್ತಿವೆ ಎಂದರ್ಥ.

ಹನ್ನೊಂದು ದಿನದ ಮೇಲೆ ಅದು ‘ನಿಷೇಧಿತ ವಸ್ತು: ಕರೆನ್ಸಿ’ ಎಂಬ ಸ್ಟಿಕರ್ ಹೊತ್ತು ತುಮಕೂರಿಗೇ ಮರಳಿತು. ತೂಕ 290 ಗ್ರಾಂ. ಗೆಜ್ಜೆ ಕಟ್ಟಿದ ಹಾಗೆ ಸದ್ದು. ಹೋಲ್ಡರುಗಳಿಲ್ಲ, ಕ್ಯಾಪ್ಸೂಲ್ ಇಲ್ಲ. ಮಳೆಕೋಟಿನ ವಾಸನೆ ಬರುವ ಮೆತ್ತನೆಯ ಪಿವಿಸಿ ಚೀಲವೊಂದರಲ್ಲಿ ಬೆಳ್ಳಿ, ಕಂಚು, ಅಲ್ಯೂಮಿನಿಯಂ ಎಲ್ಲ ಒಟ್ಟಿಗೆ. ಮೇಲೆ ಎರಡು ರಬ್ಬರ್ ಬ್ಯಾಂಡು.

ಇದರಲ್ಲಿ ತಪ್ಪೇನು ಎಂದು ನಿಮ್ಮವರು ಕೇಳಿದ್ದರಿಂದ ಹೇಳುತ್ತಿದ್ದೇನೆ. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ವಸ್ತು ನಿಧಾನಕ್ಕೆ ಹೊರಗೆ ಜಿನುಗುತ್ತದೆ. ಪ್ಲಾಸ್ಟಿಕ್ ಹಳತಾದಂತೆ ಹೈಡ್ರೋಕ್ಲೋರಿಕ್ ಆಮ್ಲವೂ ಬಿಡುಗಡೆಯಾಗುತ್ತದೆ. ತಾಮ್ರ ಇರುವ ನಾಣ್ಯಕ್ಕೆ ಹಸಿರು ಜಿಗುಟು ಹಿಡಿಯುವುದು ಇದರಿಂದಲೇ. ಆರಂಭದಲ್ಲೇ ಕಂಡರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಸುರಿದು ನೆನೆಹಾಕಿ, ಉಜ್ಜದೆ ತೆಗೆಯಬಹುದು. ಲೋಹವನ್ನೇ ತಿಂದ ಮೇಲೆ ಮಾಡುವುದೇನೂ ಇಲ್ಲ. ಇನ್ನು ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಅಮೆರಿಕದ ಹಳೆಯ ಬೆಳ್ಳಿ ನಾಣ್ಯವಾದ ಒಂದು ಮಾರ್ಗನ್ ಡಾಲರಿನ ಮೇಲೆ ಬ್ಯಾಂಡಿನ ಅಗಲಕ್ಕೆ ಸರಿಯಾದ ಕಪ್ಪು ಗೆರೆ ಈಗ ಅಡ್ಡಡ್ಡ ಬಿದ್ದಿದೆ. ಆ ನಾಣ್ಯದಲ್ಲಿ ಕೊಳ್ಳುವವರು ಮೊದಲು ನೋಡುವುದೇ ಅದರ ಮೇಲಿನ ಸ್ವಾತಂತ್ರ್ಯದೇವಿ ಲಿಬರ್ಟಿಯ ಕೆನ್ನೆ. ಅಲ್ಲಿ ಮೂರು ಹೊಸ ಗೀರು.

ಇಷ್ಟಕ್ಕೇ ನಿಂತಿದ್ದರೆ ವಿಮೆಯ ಮಾತಾಗುತ್ತಿತ್ತು. ಮುಂದಿನದ್ದು ಕೌಂಟರಿನಲ್ಲೇ, ಹಗಲು ಹನ್ನೊಂದೂವರೆಗೆ, ನನ್ನ ಹಿಂದೆ ಐದು ಜನ ನಿಂತಿರುವಾಗ ನಡೆಯಿತು.

ಮೇಜಿನ ಮೇಲೆ ತಕ್ಕಡಿ, ಅದರ ಪಕ್ಕ ಅರ್ಧ ಕುಡಿದ ಚಹಾ, ಗಮ್ ಟೇಪು, ಗೋಡೆಗೆ ದೇವರ ಪಟ, ಪಟದ ಕೆಳಗೆ ವಿಭೂತಿ ತಟ್ಟೆ. ‘ಬೆಳ್ಳಿ ಕಪ್ಪಾಗಿದೆ’ ಎಂದು ಆಸ್ಟ್ರಿಯಾದ ರಾಣಿಯ ಚಿತ್ರವಿರುವ ದೊಡ್ಡ ಬೆಳ್ಳಿ ನಾಣ್ಯ ಮರಿಯಾ ಥೆರೇಸಾ ಥಾಲರ್ ತೋರಿಸಿದೆ. ನಿಮ್ಮ ಶಾಖಾ ವ್ಯವಸ್ಥಾಪಕರು ಅದನ್ನು ಅಂಚಿನಲ್ಲಿ ಹಿಡಿಯಲಿಲ್ಲ, ಎರಡು ಮುಖಕ್ಕೂ ಹೆಬ್ಬೆರಳು ತೋರುಬೆರಳು ಒತ್ತಿ ಹಿಡಿದರು. ‘ಇಷ್ಟಕ್ಕೇನಾ ಸಾರ್!’ ಎಂದು ತಟ್ಟೆಯಿಂದ ಚಿಟಿಕೆ ವಿಭೂತಿ ತೆಗೆದು, ಉಗುಳು ಸೋಕಿಸಿ, ಪ್ಯಾಂಟಿನ ತೊಡೆಯ ಮೇಲೆ ಇಟ್ಟು ಗರಗರ ಉಜ್ಜಿದರು. ‘ಬೇಡ, ಬೇಡ’ ಎನ್ನುವಷ್ಟರಲ್ಲಿ ಇನ್ನೊಂದು ಮಗ್ಗುಲೂ ಆಗಿಹೋಗಿತ್ತು. ಎತ್ತಿ ಹಿಡಿದು, ‘ನೋಡಿ, ಫಳಫಳ ಅಂತಿದೆ! ಇನ್ನೂ ಬೇಕಂದ್ರೆ ಮನೇಲಿ ಹುಣಸೆಹಣ್ಣು ಹಚ್ಚಿ ತಿಕ್ಸಿ. ತುಮಕೂರಲ್ಲಿ ಹುಣಸೆಹಣ್ಣಿಗೇನು ಬರ ಬಂದೈತಾ?’ ಎಂದರು. ಹಿಂದೆ ನಿಂತವರು ನಕ್ಕರು.

ಒಂದು ನಾಣ್ಯ ಕಮ್ಮಿ ಇದೆ, ಜಪಾನಿನ ಒಂದು ಯೆನ್ ಎಂದೆ. ‘ಯೆನ್ ಅಂದ್ರೆ ಎಷ್ಟಾಗುತ್ತೆ?’ ಎಂದು ಮೊಬೈಲಿನಲ್ಲಿ ನೋಡಿದರು. ‘ಅರ್ಧ ರೂಪಾಯಿ ಚಿಲ್ಲರೆ.’ ಡ್ರಾಯರ್ ಎಳೆದು ಒಂದು ರೂಪಾಯಿ ತೆಗೆದು ಮೇಜಿನ ಮೇಲೆ ನನ್ನ ಕಡೆ ಜಾರಿಸಿದರು. ‘ತಗೊಳಿ ಯಜಮಾನ್ರೇ, ಬಾಕಿ ನೀವೇ ಇಟ್ಕೊಳಿ.’ ಮತ್ತೆ ನಗು. ಅವರು ಚಹಾ ಮುಗಿಸಿದರು.

ಆ ಯೆನ್ ಶೋವಾ 30ರದ್ದು. ಜಪಾನಿನ ಶೋವಾ ಇಸವಿಗೆ 1925 ಕೂಡಿಸಬೇಕು. ಅಂದರೆ 1955, ಈ ಅಲ್ಯೂಮಿನಿಯಂ ಯೆನ್ ಮೊದಲು ಅಚ್ಚಾದ ವರ್ಷ. 20 ಮಿ.ಮೀ. ಅಗಲ, ಸರಿಯಾಗಿ ಒಂದು ಗ್ರಾಂ. ಐದು ಗ್ರಾಂಗಿಂತ ಕೆಳಗಿನದ್ದು ನಿಮ್ಮ ತಕ್ಕಡಿಯ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಅದು ಎಲ್ಲಿ ಉದುರಿತೆಂದು ನಿಮ್ಮ ದಾಖಲೆಯೂ ಹೇಳಲಾರದು.

ಥಾಲರ್ ವಿಚಾರ ಇನ್ನೂ ಕೆಟ್ಟದು. ರಾಣಿ ತೀರಿಕೊಂಡದ್ದು 1780ರಲ್ಲಿ. ಆಮೇಲೆ ಎಲ್ಲಿ, ಯಾವಾಗ ಅಚ್ಚು ಹಾಕಿದರೂ ಮೇಲೆ 1780 ಎಂದೇ ಬರೆಯುತ್ತ ಬಂದಿದ್ದಾರೆ. ವಿಯೆನ್ನಾ, ಲಂಡನ್, ರೋಮ್, ಕಡೆಗೆ 1940-41ರಲ್ಲಿ ನಮ್ಮ ಮುಂಬಯಿ ಟಂಕಸಾಲೆಯೂ ಅಚ್ಚು ಹಾಕಿದೆ. ಇಸವಿ ನೋಡಿ ಏನೂ ತಿಳಿಯದ ನಾಣ್ಯ ಅದು. ಭುಜದ ಬ್ರೂಚಿನ ಮುತ್ತು, ಹದ್ದಿನ ಬಾಲದ ಗರಿ, ಅಂಚಿನ ಬರಹದಂಥ ಸಣ್ಣ ಗುರುತುಗಳನ್ನು ಭೂತಗನ್ನಡಿ ಹಿಡಿದು ಹೋಲಿಸಿಯೇ ಯಾವ ಟಂಕಸಾಲೆಯದ್ದೆಂದು ಹೇಳಬೇಕು. ಬ್ರೂಚಿನ ಮುತ್ತುಗಳ ಮೇಲೇ ವಿಭೂತಿ ಆಡಿದೆ. ಈಗ ಬೆಳಕಿಗೆ ಓರೆ ಹಿಡಿದರೆ ಒಂದೇ ದಿಕ್ಕಿನ ನೂರಾರು ಕೂದಲೆಳೆ ಗೀರು. ದರ್ಜೆ ನಿರ್ಧರಿಸುವ ಸಂಸ್ಥೆಗಳು ಇಂಥದ್ದಕ್ಕೆ ‘ಉಜ್ಜಿದ್ದು’ ಎಂದು ಬರೆದು ಅಂಕವನ್ನೇ ಕೊಡುವುದಿಲ್ಲ. ನಿಮ್ಮವರ ಕಣ್ಣಿಗೆ ಅದು ಫಳಫಳ.

ಇನ್ನು ಆ ₹341. ನಿಮ್ಮ ಲೆಕ್ಕದ ಹಾಳೆಯಲ್ಲಿ ಪ್ರತಿ ನಾಣ್ಯದ ಮುಖಬೆಲೆಗೆ ಇಂದಿನ ವಿನಿಮಯ ದರ ಹಾಕಲಾಗಿದೆ. ಮಾರ್ಗನ್ ಡಾಲರಿಗೆ ಒಂದು ಡಾಲರ್. ಥಾಲರಿಗೆ ‘ಅನ್ವಯಿಸುವುದಿಲ್ಲ’. ಸ್ವಾಮಿ, ಆ ಥಾಲರ್ 28.07 ಗ್ರಾಂ ತೂಗುತ್ತದೆ, ಸಾವಿರಕ್ಕೆ 833 ಪಾಲು ಬೆಳ್ಳಿ. ಚಿಕ್ಕಪೇಟೆಯ ಯಾವ ಅಕ್ಕಸಾಲಿಗ ಕರಗಿಸಿದರೂ 23 ಗ್ರಾಂಗೂ ಮೇಲೆ ಶುದ್ಧ ಬೆಳ್ಳಿ ಸಿಗುತ್ತದೆ. ಅದಕ್ಕೂ ನೀವು ಇಟ್ಟ ಬೆಲೆ ಸೊನ್ನೆ. ಬ್ರಿಟನ್ನಿನ ಆರು ಪೆನ್ಸ್ 1980ರಲ್ಲೇ ಚಲಾವಣೆಯಿಂದ ಹೋಗಿದೆ, ಅದಕ್ಕೆ ಸೊನ್ನೆ ಹಾಕಿದ್ದು ಸರಿ ಎನ್ನೋಣ. ಜರ್ಮನಿಯ ಮಾರ್ಕಿಗೂ ಸೊನ್ನೆ! ಅಲ್ಲಿನ ಕೇಂದ್ರ ಬ್ಯಾಂಕು ಇವತ್ತಿಗೂ 1.95583 ಮಾರ್ಕಿಗೆ ಒಂದು ಯೂರೋ ಕೊಡುತ್ತದೆ. ತಪ್ಪು ಲೆಕ್ಕವನ್ನಾದರೂ ಸರಿಯಾಗಿ ಮಾಡಬೇಡವೇ?

ಒಂದು ಕಡೆ ನಿಲ್ಲಿ. ಇದು ‘ಚಲಾವಣೆಯ ಹಣ’ವಾದರೆ 17ನೇ ಷರತ್ತಿನಂತೆ ತುಮಕೂರಿನಲ್ಲೇ ನಿರಾಕರಿಸಬೇಕಿತ್ತು, ಪಟ್ಟಿ ಎದುರಿಗಿತ್ತು, ಶುಲ್ಕ ಏಕೆ ಪಡೆದಿರಿ? ಹಣವಲ್ಲ, ಸರಕು ಎಂದಾದರೆ ಘೋಷಿತ ಮೌಲ್ಯ ಕೊಡಿ. ಸ್ಟಿಕರ್ ಅಂಟಿಸುವಾಗ ಕರೆನ್ಸಿ, ಥಾಲರಿಗೆ ಬೆಲೆ ಕಟ್ಟುವಾಗ ಕರೆನ್ಸಿಯಲ್ಲ ಎಂದರೆ ಹೇಗೆ?

₹18,500, ಜೊತೆಗೆ ಸಾಗಣೆ ಮತ್ತು ರಿಸ್ಕ್ ಶುಲ್ಕ, 15 ದಿನದೊಳಗೆ. ಕೊಡುತ್ತೀರೆಂಬ ನಂಬಿಕೆ ನನಗೂ ಅಷ್ಟಾಗಿ ಇಲ್ಲ. ರಸೀದಿಯಲ್ಲಿ ‘ವ್ಯಾಜ್ಯಗಳು ಪ್ರಧಾನ ಕಚೇರಿಯ ಊರಿನಲ್ಲಿ ಮಾತ್ರ’ ಎಂದು ಅಚ್ಚು ಹಾಕಿಸಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ತುಮಕೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಪಾವತಿಸಿದ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷ ಕಾಲಾವಕಾಶವಿದೆ; ನಾನು ಅಷ್ಟು ಕಾಯುವವನಲ್ಲ. ಬುಕ್ಕಿಂಗಿಗೆ ಮುಂಚೆ ತೆಗೆದ ಎರಡೂ ಮುಖದ ಫೋಟೋ, ಎರಡು ತೂಕದ ಚೀಟಿ, ಪಿವಿಸಿ ಚೀಲ, ರಬ್ಬರ್ ಬ್ಯಾಂಡು ಎಲ್ಲ ಜೋಪಾನವಾಗಿವೆ.

ನಿಮ್ಮ ವ್ಯವಸ್ಥಾಪಕರ ಒಂದು ರೂಪಾಯಿಯೂ ಇದೆ. ಇಸವಿಯ ಕೆಳಗೆ ಚುಕ್ಕಿ ಇರುವುದರಿಂದ ನೋಯ್ಡಾ ಟಂಕಸಾಲೆಯದು. ಅಂಚಿನಲ್ಲೇ ಹಿಡಿದು, ಮೈಲಾರ್ ಹೋಲ್ಡರಿನಲ್ಲಿ ಹಾಕಿ, ದಿನಾಂಕ ಬರೆದು ಇಟ್ಟಿದ್ದೇನೆ. ಆಯೋಗದ ಮುಂದೆ ಹಾಜರುಪಡಿಸುವಾಗ ಅದರ ಮೇಲೆ ಒಂದು ಗೀರೂ ಇರುವುದಿಲ್ಲ.

ಇಂತಿ,
ರಸೀದಿಯಲ್ಲಿ ‘ಕಳುಹಿಸಿದವರು’ ಎಂದು ನಮೂದಾಗಿರುವ ಗ್ರಾಹಕ,
ತುಮಕೂರು