ಹೃದಯ ಸ್ತಂಭನದ ನಂತರದ ಆಂಜಿಯೋಗ್ರಾಂ ಬಗ್ಗೆ
ಎಲ್ಲರ ಗಮನಕ್ಕೆ. ನಿಂತ ಹೃದಯ ಮತ್ತೆ ಬಡಿಯತೊಡಗಿದ ಕೂಡಲೇ ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಎಕ್ಸ್‌ರೇ ಪರೀಕ್ಷೆ) ಮಾಡಲೇಬೇಕೇ ಎಂದು ಹಲವರು ಕೇಳಿದ್ದೀರಿ. ಇಸಿಜಿ (ಹೃದಯದ ವಿದ್ಯುತ್ ಚಟುವಟಿಕೆಯ ಗೆರೆಚಿತ್ರ) ನೋಡಿ ಹೇಳಬೇಕು. ಅದರ ಗೆರೆಯಲ್ಲಿ ‘ಎಸ್‌ಟಿ’ ಎಂಬ ಭಾಗ ಮೇಲೆದ್ದಿದ್ದರೆ ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಪ್ರಜ್ಞೆ ಬರಲೆಂದು ಕಾಯುವಂತಿಲ್ಲ. ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಸಪೂರ ಕೊಳವೆ ತೂರಿಸಿ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಅಡಚಣೆ ಹುಡುಕುತ್ತಾರೆ, ಬಲೂನು ಉಬ್ಬಿಸಿ ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಇಡುತ್ತಾರೆ.

ಎಸ್‌ಟಿ ಏರಿಕೆ ಇಲ್ಲದೆ, ರಕ್ತದೊತ್ತಡವೂ ಸ್ಥಿರವಾಗಿದ್ದರೆ ಮಾತು ಬೇರೆ. 2019ರ ಕೋಆಕ್ಟ್, 2021ರ ಟೊಮಾಹಾಕ್ ಅಧ್ಯಯನಗಳಲ್ಲಿ ಇಂಥವರಿಗೆ ತಕ್ಷಣದ ಆಂಜಿಯೋಗ್ರಾಂನಿಂದ ಬದುಕುಳಿಯುವವರ ಪ್ರಮಾಣವೇನೂ ಹೆಚ್ಚಲಿಲ್ಲ. ಹಾಗಾಗಿ ವೈದ್ಯರು ‘ಸ್ವಲ್ಪ ಕಾಯೋಣ’ ಎಂದರೆ ದಯವಿಟ್ಟು ನಿರ್ಲಕ್ಷ್ಯ ಎಂದುಕೊಳ್ಳಬೇಡಿ.

ಇನ್ನೊಂದು ಮಾತು. ಆಸ್ಪತ್ರೆ ತಲುಪುವ ಮೊದಲು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವ ಕೈಗಳು ಬೇಕು. ಹೀಗೆ ಎದೆ ಒತ್ತುವ ಸಿಪಿಆರ್ ಕಲಿಯದವರು ಇಲ್ಲೇ ತಿಳಿಸಿ, ಒಟ್ಟಿಗೆ ಅಭ್ಯಾಸ ಮಾಡೋಣ.